ನಾಲ್ಕನೆಯ ತೂತು

ಎಲೀಜಿಯೊ ಕುವಾಮಾತ್ಸಿ ಎಲ್ಲಿಗೆ ಹೋದರೂ ಮೊದಲು ನೋಡುವುದು ತಾರಸಿಯನ್ನು. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಇಗರ್ಜಿಯಲ್ಲಿ ಪಾದ್ರಿ ಪೂಜೆ ಮಾಡುತ್ತಿರಲಿ, ಅವನ ಕಣ್ಣು ಮಾತ್ರ ದೀಪದ ಗೊಂಚಲು ಯಾವುದರಿಂದ ನೇತಾಡುತ್ತಿದೆ ಎಂಬುದರ ಮೇಲೆ. ಮೂವತ್ತೈದು ವರ್ಷ ತಲೆಯ ಮೇಲೆ ಡ್ರಿಲ್ಲು ಎತ್ತಿ ಹಿಡಿದು ಕಾಂಕ್ರೀಟು ಕೊರೆದ ಮನುಷ್ಯ ಅವನು. ಚಿಯಾವ್ತೆಂಪಾನ್ ಊರಿನ ಕಂಬಳಿ ಗಿರಣಿಗಳಲ್ಲಿ ತೂಗಾಡುವ ಪೈಪು, ಫ್ಯಾನು, ರಾಟೆ, ಸರಪಳಿಗಳಲ್ಲಿ ಅರ್ಧಕ್ಕರ್ಧ ಅವನ ಕೈಯ ಕೆಲಸ. ಡ್ರಿಲ್ಲಿನ ಅದುರಾಟಕ್ಕೆ ಬಲಗೈಯ ಮೂರು ಬೆರಳು ಚಳಿ ಬಂತೆಂದರೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ, ಎಡಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಊರವರು ಅವನನ್ನು ಮೇಸ್ತ್ರಿ ಎಂದು ಕರೆದು ಟೋಪಿ ಎತ್ತುತ್ತಾರೆ. ಹಾಗೆ ಟೋಪಿ ಎತ್ತಿಸಿಕೊಳ್ಳುವುದೆಂದರೆ ಅವನಿಗೆ ಪಂಚಪ್ರಾಣ. ಅವನ ಕಷ್ಟವೆಲ್ಲ ಶುರುವಾಗಿದ್ದೂ ಅಲ್ಲಿಂದಲೇ.

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಮಂಗಳವಾರ ಅವನು ನೇಯ್ಗೆಯ ಹಜಾರದಲ್ಲಿ ಏಣಿಯ ಮೇಲೆ ನಿಂತಿದ್ದ. ಬೆರೆನೀಸ್ ಎಂಬ ಹೊಸ ಇಂಜಿನಿಯರಮ್ಮ ಕೆಳಗೆ ನಿಂತು ಕತ್ತು ಎತ್ತಿ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ತಾರಸಿಯ ಒಂದು ಖಾಲಿ ಜಾಗವನ್ನು. ಉಣ್ಣೆಯ ಧೂಳು ಹೀರುವ ಮುನ್ನೂರು ಕಿಲೋ ತೂಕದ ಫ್ಯಾನು ಮೊದಲು ಅಲ್ಲಿ ತೂಗುತ್ತಿತ್ತು. ಹೋದ ವರ್ಷ ತಪಸ್ಸಿನ ಕಾಲದಲ್ಲಿ ಅದು ಕಳಚಿ ಬಿತ್ತು. ಕೆಳಗೆ ಮಗ್ಗದ ಮುಂದೆ ನಿಂತಿದ್ದ ಒದಿಲಿಯಾ ಅಲ್ಲಿಯೇ ಸತ್ತಳು. ಆಮೇಲೆ ಹದಿಮೂರು ತಿಂಗಳು ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಮ್ಮುತ್ತಲೇ ನೇಯ್ದರು. ಈಗ ಹೊಸ ಫ್ಯಾನು ಬಂದು ಪೆಟ್ಟಿಗೆಯಲ್ಲಿ ಕೂತಿದೆ. ಅದೇ ಮಗ್ಗದ ಮುಂದೆ ಈಗ ಒದಿಲಿಯಾಳ ಮಗಳು ಇಮೆಲ್ದಾ ನಿಲ್ಲುತ್ತಾಳೆ.

"ಮೇಸ್ತ್ರಿ, ಅಂಟಿನ ಬೋಲ್ಟೇ ಹಾಕೋಣ," ಎಂದಳು ಬೆರೆನೀಸ್. "ಜರ್ಮನಿಯ ಅಂಟು. ಕಾಂಕ್ರೀಟನ್ನೇ ಕಿತ್ಕೊಂಡು ಬರುತ್ತೆ ಹೊರತು ತಾನು ಬಿಡಲ್ಲ."

"ನನಗಿರೋ ಭಯವೂ ಅದೇ ತಾಯಿ."

ಹಿಂದಿನ ದಿನ ಪರೀಕ್ಷೆಗೆಂದು ಅಂಟು ತುಂಬಿ ಕೂರಿಸಿದ್ದ ಬೋಲ್ಟಿಗೆ ಅವನು ಎಳೆಯುವ ಜಾಕಿ ಸಿಕ್ಕಿಸಿ ಹಿಡಿ ಒತ್ತತೊಡಗಿದ. ಜಾಕಿಯ ಒತ್ತಡ ತೋರಿಸುವ ಮುಳ್ಳು ಅರ್ಧ ದಾರಿಯನ್ನೂ ಮುಟ್ಟಲಿಲ್ಲ. ಬೋಲ್ಟು ತನ್ನ ಅಂಟಿನ ಸಮೇತ, ಅಂಟು ತನಗೆ ಹತ್ತಿದ ಕಾಂಕ್ರೀಟಿನ ಸಮೇತ, ಮಣ್ಣಿನಿಂದ ಗೆಣಸು ಕಿತ್ತಂತೆ ಹೊರಗೆ ಬಂತು. ಹಿಂದೆಯೇ ಕೆಂಪು ಪುಡಿ ಸುರಿಯಿತು. ಎಲೀಜಿಯೊ ಆ ಗಡ್ಡೆಯನ್ನು ಇಂಜಿನಿಯರಮ್ಮನ ಅಂಗೈಗೆ ಹಾಕಿದ.

"ಇದು ತೆಸೊಂತ್ಲೆ ಕಲ್ಲು. ಬೆಟ್ಟದಲ್ಲಿ ಬಿಟ್ಟಿ ಸಿಗುತ್ತೆ, ಹಗುರ, ಮೈಯೆಲ್ಲ ತೂತು. ಈ ಸ್ಲ್ಯಾಬು ಹಾಕಿದ ಪುಣ್ಯಾತ್ಮರು ಜಲ್ಲಿ ಬದಲು ಇದನ್ನ ತುಂಬಿದ್ದಾರೆ. ಹೊರೆ ಸುಮ್ಮನೆ ತೂಗ್ತಾ ಇದ್ರೆ ಹೇಗೋ ತಡ್ಕೊಳ್ಳುತ್ತೆ. ನಲವತ್ತು ಮಗ್ಗ ಬೆಳಗ್ಗಿಂದ ಸಂಜೆವರೆಗೆ ಕುಣಿದ್ರೆ, ಜೊತೆಗೆ ಫ್ಯಾನೂ ಅದುರಿದ್ರೆ, ಒಳಗೊಳಗೇ ಪುಡಿಯಾಗುತ್ತೆ. ತೂತಿನೊಳಗೆ ಅರಳಿ ಹಿಡ್ಕೊಳ್ಳೋ ಬೋಲ್ಟು ಇದೆಯಲ್ಲ, ಅದಕ್ಕೆ ಹಿಡಿಯೋಕೆ ಗಟ್ಟಿ ಗೋಡೆ ಬೇಕು. ಅಂಟೂ ಅಷ್ಟೆ. ಅದು ಬಿಡಲ್ಲ ನಿಜ, ಆದ್ರೆ ಹಿಡ್ಕೊಂಡಿರೋದು ಪುಡೀನ. ಪಕ್ಕದಲ್ಲಿ ಹಬೆ ಪೈಪು ಬೇರೆ, ಬಿಸಿಗೆ ಅಂಟು ಮೆತ್ತಗಾಗುತ್ತೆ."

"ಮತ್ತೇನು ದಾರಿ?"

"ಮೇಲಿಂದ ಕೆಳಗೆ ಪೂರ್ತಿ ತೂರೋ ಹಾಗೆ ಕೊರೀಬೇಕು. ಮೇಲಿನ ನೆಲದ ಮೇಲೆ ಗೇಣಗಲ ಉಕ್ಕಿನ ತಟ್ಟೆ, ಅದರ ಮೇಲೆ ಬೋಲ್ಟಿನ ತಲೆ. ಕೆಳಗೆ ಒಂದರ ಮೇಲೊಂದು ಎರಡು ನಟ್ಟು, ಅದುರಿಗೆ ಸಡಿಲಾಗದ ಹಾಗೆ. ಆಗ ಹೊರೆ ಹೊರೋದು ತೂತಿನ ಗೋಡೆಯಲ್ಲ, ಇಡೀ ಸ್ಲ್ಯಾಬು. ನಾಲ್ಕು ತೂತು, ನಾಲ್ಕು ಬೋಲ್ಟು. ಮುಗೀತು."

ಬೆರೆನೀಸ್ ಬುದ್ಧಿವಂತೆ, ಮರುಮಾತಾಡದೆ ಮ್ಯಾನೇಜರನ ಹತ್ತಿರ ಹೋದಳು. ಹತ್ತು ನಿಮಿಷಕ್ಕೆ ಮುಖ ಇಳಿಬಿಟ್ಟುಕೊಂಡು ವಾಪಸು ಬಂದಳು.

"ಮೇಲೆ ಗ್ವಾದಲೂಪೆ ಮಾತೆಯ ಪೀಠ ಇದೆಯಂತೆ. ಪೀಠದ ಯಜಮಾನ ಒಪ್ಪಿದ್ರೆ ಕೊರೆಯಿರಿ, ಒಪ್ಪದಿದ್ರೆ ಶನಿವಾರ ಕೆಳಗಿಂದ ಅಂಟು ಹಾಕಿಸ್ತೀನಿ ಅಂತಾರೆ. ಸೋಮವಾರ ಮಗ್ಗ ಓಡಲೇಬೇಕಂತೆ. ಯಾರು ಮೇಸ್ತ್ರಿ ಆ ಯಜಮಾನ?"

ಎಲೀಜಿಯೊ ಏಣಿಯಿಂದ ಇಳಿದ. ಕೈ ಒರೆಸಿಕೊಂಡ. ಆ ಯಜಮಾನ ಯಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಫೌಸ್ತಿನೊ ತ್ಲಾಪಾಲೆ. ಸತ್ತ ಒದಿಲಿಯಾಳ ಗಂಡ. ನನ್ನ ಕಂಪಾದ್ರೆ."

ಇಮೆಲ್ದಾಳ ತಲೆಗೆ ದೀಕ್ಷಾಸ್ನಾನದ ನೀರು ಬಿದ್ದ ದಿನ ಅವಳನ್ನು ತೋಳಿನಲ್ಲಿ ಹಿಡಿದು ನಿಂತವನು ಎಲೀಜಿಯೊ. ಅಂದಿನಿಂದ ಮಗುವಿಗೆ ಅವನು ಪದ್ರೀನೊ, ಅಂದರೆ ಧರ್ಮತಂದೆ, ಮಗುವಿನ ಅಪ್ಪನಿಗೆ ಕಂಪಾದ್ರೆ. ಈ ಊರಲ್ಲಿ ಒಡಹುಟ್ಟಿದವನ ಮೇಲೆ ಕೋರ್ಟು ಹತ್ತುವವರಿದ್ದಾರೆ, ಕಂಪಾದ್ರೆಯ ಮುಂದೆ ದನಿ ಎತ್ತುವವರಿಲ್ಲ. ಇಪ್ಪತ್ತಮೂರು ವರ್ಷ ಫೌಸ್ತಿನೊ ಮತ್ತು ಅವನು ಭಾನುವಾರದ ಪುಲ್ಕೆ ಹೆಂಡವನ್ನು ಒಂದೇ ಬೆಂಚಿನ ಮೇಲೆ ಕೂತು ಕುಡಿದಿದ್ದರು. ತನ್ನ ಹೆಂಡತಿ ತೀರಿಹೋದ ಮೇಲೆ ಎಲೀಜಿಯೊಗೆ ಇದ್ದ ಮನೆ ಎಂದರೆ ಅವರದೇ.

ಹನ್ನೆರಡು ವರ್ಷದ ಹಿಂದೆ ಹಳೆಯ ಫ್ಯಾನು ತೂಗುಹಾಕುವಾಗಲೂ ಎಲೀಜಿಯೊ ಇದೇ ಸ್ಲ್ಯಾಬು ನೋಡಿದ್ದ, ಇದೇ ತೀರ್ಮಾನಕ್ಕೆ ಬಂದಿದ್ದ. ಮೇಲಿಂದ ಕೆಳಗೆ ತೂರುವ ಹಾಗೆ ಕೊರೆಯಬೇಕು. ಡ್ರಿಲ್ಲು ಹೆಗಲಿಗೇರಿಸಿ ಮೇಲಿನ ಉಗ್ರಾಣಕ್ಕೆ ಹೋದ. ಗಿರಣಿಯ ಜನ ತಮ್ಮ ಕೈಯಾರೆ ಕಟ್ಟಿಕೊಂಡ ಪೀಠ ಅಲ್ಲಿದೆ. ಗಿರಣಿಯಲ್ಲಿ ದುಡಿದವರು ಯಾರೇ ಸತ್ತರೂ ಅವರ ಹೆಸರು ಬರೆಸಿದ ನೀಲಿ ಪಿಂಗಾಣಿ ಬಿಲ್ಲೆಯೊಂದನ್ನು ಡಿಸೆಂಬರ್ ಹನ್ನೆರಡರ ಮಾತೆಯ ಹಬ್ಬದ ದಿನ ಪೀಠದ ಮುಂದಿನ ನೆಲಕ್ಕೆ ಕೂರಿಸುತ್ತಾರೆ. ಎಲೀಜಿಯೊ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದ. ಮೂರು ಗುರುತು ಯಾರೂ ನೆನಪಿಟ್ಟುಕೊಳ್ಳದ ಹಳಬರ ಬಿಲ್ಲೆಗಳ ಮೇಲೆ ಬಿದ್ದವು. ನಾಲ್ಕನೆಯದು ಒದಿಲಿಯಾಳ ಅವ್ವನ ಹೆಸರಿನ ಮೇಲೆ.

ಒದಿಲಿಯಾ ಹೂವು ಬದಲಿಸಲು ಬಂದವಳು ಅಲ್ಲಿಯೇ ನಿಂತಿದ್ದಳು. ಬೇರೆ ಯಾರೂ ಇರಲಿಲ್ಲ. ಅವಳು ಅಳಲಿಲ್ಲ, ಜಗಳವಾಡಲಿಲ್ಲ.

"ಕಂಪಾದ್ರೆ, ನಮ್ಮವ್ವನ ಎದೆ ಮೇಲೆ ಡ್ರಿಲ್ಲು ಇಡ್ತೀಯಾ?" ಎಂದಳು. "ಕೆಳಗಿಂದಲೇ ಏನಾದ್ರೂ ಮಾಡು. ನಿನ್ನ ಕೈಲಿ ಆಗದ್ದು ಏನಿದೆ ಹೇಳು?"

ಆ ಕೊನೆಯ ಮಾತು ಅವನನ್ನು ಕೆಡಿಸಿತು. ನನ್ನ ಕೈಲಿ ಆಗದ್ದು ಇದು ಒಂದಿದೆ ತಾಯಿ ಎಂದು ಹೇಳಲು ನಾಲಿಗೆ ಬರಲಿಲ್ಲ. "ಆಗುತ್ತೆ ಬಿಡು," ಎಂದು ಗುರುತು ಒರೆಸಿ ಕೆಳಗಿಳಿದ. ಅರಳುವ ಬೋಲ್ಟಿಗೆಂದು ಕೆಳಗಿನಿಂದ ಕೊರೆದಾಗ ಕೆಂಪು ಪುಡಿ ಅವನ ಹುಬ್ಬಿನ ಮೇಲೆ, ಮೀಸೆಯ ಮೇಲೆ ಸುರಿಯಿತು. ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬೇರೆ ಯಾರಾದರೂ ಹೇಳಬಹುದು, ಅವನು ಹೇಳುವಂತಿಲ್ಲ. ಅಂದು ಸಂಜೆ ಒದಿಲಿಯಾ ಬಟಾಣಿ ತುಂಬಿದ ತ್ಲಕೋಯೊ ರೊಟ್ಟಿ ಕಳಿಸಿದ್ದಳು, ಅವನು ನಾಲ್ಕು ತಿಂದ.

ತಿಂಗಳಿಗೊಮ್ಮೆ ಬಂದು ನಟ್ಟು ಬಿಗಿ ಮಾಡಿದರಾಯಿತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಂದ ಕೂಡ. ಒಂದು ತಿಂಗಳೂ ತಪ್ಪಿಸಲಿಲ್ಲ. ಸ್ಪ್ಯಾನರು ಹಾಕಿದರೆ ನಟ್ಟು ಕಾಲು ಸುತ್ತು ತಿರುಗುತ್ತಿತ್ತು, ಹೆಂಗಸರು ನೋಡಿ ಮೇಸ್ತ್ರಿ ಎಷ್ಟು ನಿಗಾ ಮಾಡ್ತಾನೆ ಎನ್ನುತ್ತಿದ್ದರು. ಮೊದಲ ದಿನ ಪ್ರತಿ ನಟ್ಟಿನ ಕೆಳಗೆ ಬೋಲ್ಟಿನ ತಿರುಪಿನ ಮೂರು ಸುತ್ತು ಕಾಣುತ್ತಿತ್ತು. ಕೆಲವು ವರ್ಷದ ಮೇಲೆ ಅದು ನಾಲ್ಕಾಯಿತು, ಐದಾಯಿತು. ನಟ್ಟು ಬಿಗಿಯಾಗುತ್ತಿಲ್ಲ, ಬೋಲ್ಟೇ ಕೆಳಗೆ ಜಾರುತ್ತಿದೆ, ತಾನು ಬಿಗಿ ಮಾಡಿದಷ್ಟೂ ಅದನ್ನು ಹೊರಗೆಳೆಯುತ್ತಿದ್ದೇನೆ ಎಂದು ಅವನಿಗೆ ಅರ್ಥವಾದಾಗ ನಾಲ್ಕನೆಯ ಬೋಲ್ಟಿನಲ್ಲಿ ಒಂಬತ್ತು ಸುತ್ತು ಹೊರಗಿತ್ತು.

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಹನ್ನೊಂದು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದರು. ಡಿಸೆಂಬರ್ ಹನ್ನೆರಡಕ್ಕೆ ಮಗ್ಗಗಳೆಲ್ಲ ನಿಲ್ಲುತ್ತವೆ, ಅಂದು ಸದ್ದಿಲ್ಲದೆ ಸರಿಮಾಡಿಬಿಡೋಣ ಎಂದುಕೊಂಡ. ಹಬ್ಬದ ದಿನ ಹೋಗಿ ನೋಡಿದರೆ ಪೀಠದ ಮುಂದಿನ ನೆಲವೆಲ್ಲ ಮೊಣಕಾಲುದ್ದ ಹೂವು, ಹೂವಿನ ನಡುವೆ ಮೊಣಕಾಲೂರಿದ ಜನ. ಅಲ್ಲಿ ಡ್ರಿಲ್ಲು ಇಡುವವನು ಆ ಊರಲ್ಲಿ ಹುಟ್ಟಿಲ್ಲ. ಪವಿತ್ರ ವಾರಕ್ಕೆ ಮತ್ತೆ ಗಿರಣಿ ನಿಲ್ಲುತ್ತದೆ, ಆಗ ನೋಡೋಣ ಎಂದು ಮುಂದೂಡಿದ. ಆ ಪವಿತ್ರ ವಾರಕ್ಕೆ ಒಂಬತ್ತು ದಿನ ಇರುವಾಗ ಫ್ಯಾನು ಬಿತ್ತು.

ಬಿದ್ದದ್ದಕ್ಕೆ ಗಿರಣಿಯವರು ಅಗ್ಗದ ಬೋಲ್ಟು ತಂದದ್ದೇ ಕಾರಣ ಎಂದು ಊರು ತೀರ್ಮಾನ ಮಾಡಿತು. ಎಲೀಜಿಯೊ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಶವದ ಪೆಟ್ಟಿಗೆಗೆ ಹೆಗಲು ಕೊಟ್ಟ. ಫೌಸ್ತಿನೊ ಅವನ ಭುಜಕ್ಕೆ ತಲೆಯಿಟ್ಟು ಅತ್ತಾಗ ಅವನ ಬೆನ್ನು ಸವರಿದ. ಆ ಕೈಯನ್ನು ಕತ್ತರಿಸಿ ಹಾಕಬೇಕು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಬುಧವಾರ ಮಧ್ಯಾಹ್ನ ಮಗ್ಗಗಳು ನಿಂತವು. ಎಲೀಜಿಯೊ ಜೇಬಿನಲ್ಲಿ ಆ ಕೆಂಪು ಗಡ್ಡೆ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ನಾಳೆ ಒಂದೇ ದಿನ ಉಳಿದದ್ದು. ಶುಕ್ರವಾರ ಯೇಸುವಿಗೆ ಮೊಳೆ ಹೊಡೆದ ದಿನ, ಅಂದು ಈ ಊರಲ್ಲಿ ಯಾರೂ ಸುತ್ತಿಗೆ ಮುಟ್ಟುವುದಿಲ್ಲ. ಶನಿವಾರ ಅಂಟಿನವರು ಬರುತ್ತಾರೆ.

ಫೌಸ್ತಿನೊ ಪೀಠಕ್ಕೆ ನೇರಳೆ ಬಟ್ಟೆ ಹೊದಿಸುತ್ತಿದ್ದ. ಈ ವಾರ ವಿಗ್ರಹಗಳಿಗೆಲ್ಲ ಮುಸುಕು. ದಪ್ಪ ಮನುಷ್ಯ, ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ.

"ಬಾರಯ್ಯ ಕಂಪಾದ್ರೆ! ಹನ್ನೆರಡು ಮೆಟ್ಟಿಲು ಹತ್ತೋಕೆ ಇಷ್ಟು ಹೊತ್ತಾ? ಈ ವೇಗದಲ್ಲಿ ಹೋದ್ರೆ ಸ್ವರ್ಗದ ಬಾಗಿಲು ಮುಚ್ಚಿ, ಒಳಗೆ ದೀಪ ಆರಿಸಿ ಮಲಗಿರ್ತಾರೆ."

"ನೀನು ಒಳಗಿರ್ತೀಯಲ್ಲ, ಚಿಲಕ ತೆಗಿ."

"ನಾನಾ? ಕುರ್ಚಿಯೇ ನನ್ನ ಹೊರಲ್ಲ ಅಂತಿದೆ, ಸ್ವರ್ಗ ಹೊರುತ್ತಾ? ಹಿಡ್ಕೋ ಈ ತುದೀನ."

ಎಲೀಜಿಯೊ ಬಟ್ಟೆಯ ತುದಿ ಹಿಡಿದ. ಇಬ್ಬರೂ ಸೇರಿ ಮುಸುಕು ಹಾಕಿದರು. ಕಾಲಬುಡದಲ್ಲಿ ಒದಿಲಿಯಾಳ ಬಿಲ್ಲೆ, ಅವಳ ಅವ್ವನ ಪಕ್ಕದಲ್ಲಿ, ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಹೊಸ ಫ್ಯಾನು ಹಳೆಯದಕ್ಕಿಂತ ಒಂದು ಗೇಣು ಅಗಲ. ನಾಲ್ಕನೆಯ ಗುರುತು ಅವ್ವನ ಬಿಲ್ಲೆಯಿಂದ ಮಗಳ ಬಿಲ್ಲೆಗೆ ಸರಿದಿತ್ತು.

ವಿಷಯ ಕೇಳಿ ಫೌಸ್ತಿನೊ ಕುರ್ಚಿಯ ಮೇಲೆ ಕೂತ. ಕೋಪ ಮಾಡಲಿಲ್ಲ.

"ಇಲ್ಲ ಕಂಪಾದ್ರೆ. ಇದೊಂದು ಬಿಟ್ಟು ಬೇರೆ ಏನಾದ್ರೂ ಕೇಳು. ಹೆಜ್ಜೆ ಎಣಿಸಿ ಎಣಿಸಿ ಅವಳ ಮಗ್ಗದ ನೇರಕ್ಕೇ ಬರೋ ಹಾಗೆ ಆ ಬಿಲ್ಲೆ ಇಟ್ಟಿದ್ದೀನಿ. ಅವಳ ಮೇಲೆ ಒಂದು ಬಿತ್ತು, ಸಾಲದಾ? ಈಗ ಹೆಸರಿಗೂ ತೂತು ಕೊರೀಬೇಕಾ?"

"ಕೆಳಗಿಂದ ಹಾಕಿದ್ರೆ ನಿಲ್ಲಲ್ಲ."

"ನಿಲ್ಲುತ್ತೆ. ಈ ಸಲ ಒಳ್ಳೆ ಸಾಮಾನು ತರ್ತಾರಂತೆ, ಆ ಇಂಜಿನಿಯರಮ್ಮ ಪಟ್ಟು ಹಿಡಿದು ತರಿಸ್ತಾಳೆ. ಹಾಕೋನು ನೀನು. ಅವತ್ತೂ ಕೆಳಗಿಂದಲೇ ತಾನೆ ಹಾಕಿದ್ದು? ಆಗದ ಕೆಲಸ ಆಗಿದ್ರೆ ನೀನು ಹಾಕ್ತಿದ್ದೆಯಾ? ಸಾಮಾನು ಕೈ ಕೊಟ್ಟಿತು, ನೀನು ಕೊಡಲಿಲ್ಲ. ಅಷ್ಟು ನನಗೆ ಗೊತ್ತಿಲ್ವಾ?"

ಅವನ ನಂಬಿಕೆಯೇ ಬಾಗಿಲಿಗೆ ಅಡ್ಡ ನಿಂತಿತ್ತು. ಎಲೀಜಿಯೊ ಜೇಬಿನಿಂದ ಗಡ್ಡೆ ತೆಗೆದು ತೋರಿಸಿದ, ಪುಡಿ ಉದುರಿಸಿ ತೋರಿಸಿದ. ಫೌಸ್ತಿನೊ ಅದನ್ನು ನೋಡಲೂ ಇಲ್ಲ, ಕಂಪಾದ್ರೆಯ ಮುಖವನ್ನೇ ಪ್ರೀತಿಯಿಂದ ನೋಡುತ್ತಿದ್ದ. ಸುಮ್ಮನೆ ಎದ್ದು ಹೋಗಿಬಿಡಬಹುದಿತ್ತು. ಭಾನುವಾರದ ಬೆಂಚು ಉಳಿಯುತ್ತಿತ್ತು, ಫೌಸ್ತಿನೊನ ಮನೆಯ ಬೇಳೆಸಾರಿನ ಬಟ್ಟಲು ಉಳಿಯುತ್ತಿತ್ತು. ಸೋಮವಾರ ಇಮೆಲ್ದಾ ಆ ಪುಡಿಯ ಕೆಳಗೆ ನಿಲ್ಲುತ್ತಿದ್ದಳು. ಮುಂದಿನ ಹತ್ತು ವರ್ಷ ತಾನು ಸ್ಪ್ಯಾನರು ಹಿಡಿದು ಸುತ್ತು ಎಣಿಸುತ್ತಿರುತ್ತಿದ್ದೆ ಎಂದು ಅವನಿಗೆ ಅನ್ನಿಸಿತು.

"ಫೌಸ್ತಿನೊ, ಸಾಮಾನು ಚೆನ್ನಾಗೇ ಇತ್ತು," ಎಂದ. "ಕೈ ಕೊಟ್ಟೋನು ನಾನು."

"ಏನಂತೀಯ?"

"ಈ ಸ್ಲ್ಯಾಬಿಗೆ ಆಗಲ್ಲ ಅಂತ ಅವತ್ತೇ ನನಗೆ ಗೊತ್ತಿತ್ತು. ಇದೇ ಕೆಂಪು ಪುಡಿ ಅವತ್ತೂ ಬಿತ್ತು. ಮೇಲಿಂದ ಕೊರೀಬೇಕಿತ್ತು, ಕೊರೀಲಿಲ್ಲ. ಬಿಲ್ಲೆ ಮುಟ್ಟಿದ್ರೆ ಜನ ಏನಂತಾರೋ ಅಂತ ಕೆಳಗಿಂದ ಹಾಕಿದೆ. ಕಡೇ ವರ್ಷ ಬೋಲ್ಟು ಜಾರ್ತಾ ಇರೋದೂ ಕಂಡಿತ್ತು. ತಿಂಗಳು ತಿಂಗಳೂ ಕಂಡಿತ್ತು. ಹಬ್ಬಕ್ಕೆ ಸರಿಮಾಡ್ತೀನಿ, ಪವಿತ್ರ ವಾರಕ್ಕೆ ಸರಿಮಾಡ್ತೀನಿ ಅಂತ ಬಾಯಿ ಮುಚ್ಕೊಂಡಿದ್ದೆ."

ಫೌಸ್ತಿನೊ ದಾರಿ ಕೇಳುವವನ ದನಿಯಲ್ಲಿ, "ಒದಿಲಿಯಾ ಅದರ ಕೆಳಗೆ ನಿಂತಿರ್ತಾಳೆ ಅಂತ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಅವಳು ಸತ್ತ ದಿನ ನಮ್ಮ ಮನೇಲಿ ಊಟ ಮಾಡಿದೆ ನೀನು."

"ಮಾಡಿದೆ."

ಫೌಸ್ತಿನೊ ಎದ್ದ. ಎಲೀಜಿಯೊ ಏಟು ಬೀಳಲಿ ಎಂದು ಕಾಯುವವನ ಹಾಗೆ ನಿಂತಿದ್ದ. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ, ಆದರೆ ಹೊಡೆತ ಬೀಳಲಿಲ್ಲ. ಫೌಸ್ತಿನೊ ಕುರ್ಚಿಯನ್ನು ಗೋಡೆಗೆ ಸರಿಸಿ, ದೀಪದ ಬತ್ತಿ ಸರಿಮಾಡಿ, ಕಂಪಾದ್ರೆಯನ್ನು ಸುತ್ತಿ ಬಳಸಿ ನಡೆದು, ಮೆಟ್ಟಿಲಿಳಿದು ಹೋದ.

ಗುರುವಾರ ಬೆಳಗ್ಗೆ ಎಲೀಜಿಯೊ ತಟ್ಟೆ, ಬೋಲ್ಟು, ಡ್ರಿಲ್ಲು ಎಲ್ಲ ತಂದು ಉಗ್ರಾಣದ ಬಾಗಿಲಲ್ಲಿಟ್ಟು ಕಾದ. ಬೀಗ ಹಾಕಿತ್ತು. ಎಂಟಾಯಿತು, ಒಂಬತ್ತಾಯಿತು. ಬೆರೆನೀಸ್ ಎರಡು ಸಲ ಬಂದು ನೋಡಿ ಹೋದಳು. ಹತ್ತಕ್ಕೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿತು. ಫೌಸ್ತಿನೊ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಉಳಿ ಸುತ್ತಿಗೆ ಹಿಡಿದು ಬಂದ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಬಾಗಿಲು ತೆಗೆದು, "ಬಿಲ್ಲೆ ನಾನು ತೆಗೀತೀನಿ. ನೀನು ಮುಟ್ಟಬೇಡ," ಎಂದ.

ಮೂರು ಹಳೆಯ ಬಿಲ್ಲೆಗಳು ಸುಣ್ಣದ ಗಾರೆಯಲ್ಲಿ ಕೂತಿದ್ದವು, ಉಳಿ ತಾಗುತ್ತಲೇ ಇಡಿಯಾಗಿ ಎದ್ದು ಬಂದವು. ಅವನ್ನು ಫೌಸ್ತಿನೊ ಗೋಡೆಗೆ ಒರಗಿಸಿದ. ನಾಲ್ಕನೆಯದರ ಮುಂದೆ ಮೊಣಕಾಲೂರಿ ಕೂತು, ತಲೆ ಎತ್ತದೆ ಕೇಳಿದ.

"ಒಂದು ಮಾತು ಹೇಳು. ಅವತ್ತು ನೀನು ಡ್ರಿಲ್ಲು ತಗೊಂಡು ಇಲ್ಲಿಗೆ ಬಂದಿದ್ದೆ ಅಂತ ಉಗ್ರಾಣದವನು ಹೇಳ್ತಾನೆ. ಬಂದು ವಾಪಸು ಹೋದೆಯಂತೆ. ಯಾರಾದ್ರೂ ಬೇಡ ಅಂದ್ರಾ?"

ಎಲೀಜಿಯೊನ ಗಂಟಲಲ್ಲಿ ಒಂದು ಹೆಸರು ಬಂದು ನಿಂತಿತು. ಅದನ್ನು ಆಡಿಬಿಟ್ಟರೆ ಹೊರೆ ಅರ್ಧವಾಗುತ್ತದೆ. ಅದು ಸುಳ್ಳೂ ಅಲ್ಲ. ನಿನ್ನ ಹೆಂಡತಿಯೇ ಬೇಡ ಅಂದಳು ಕಣೋ ಎಂದರೆ ಈ ಮನುಷ್ಯ ಇನ್ನೊಂದು ಸಲ ಕಂಪಾದ್ರೆ ಎಂದರೂ ಅನ್ನಬಹುದು. ಆದರೆ ಅವಳಿಗೇನು ಗೊತ್ತಿತ್ತು? ಅವಳು ಕೇಳಿದ್ದು ಹೆಣ್ಣುಮಗಳು ತನ್ನ ಅವ್ವನಿಗಾಗಿ ಕೇಳುವ ಮಾತು. ಸ್ಲ್ಯಾಬು ಗೊತ್ತಿದ್ದವನು ತಾನು.

"ಯಾರೂ ಅನ್ನಲಿಲ್ಲ," ಎಂದ. "ನಾನೇ."

ಫೌಸ್ತಿನೊ ಉಳಿ ಇಟ್ಟ. ಬಿಲ್ಲೆ ಎಂದೆಂದಿಗೂ ಅಲುಗಬಾರದೆಂದು ಅವನೇ ಹಬ್ಬದ ದಿನ ಬರಿಯ ಸಿಮೆಂಟು ಕಲಸಿ ಕೂರಿಸಿದ್ದ. ಅದು ಅಲುಗಲಿಲ್ಲ. ಅಂಚಿನಿಂದ ಅಂಚಿಗೆ ಕಾಲು ಗಂಟೆ, ಅರ್ಧ ಗಂಟೆ, ಮೆಲ್ಲಗೆ ಬಡಿದ. ಬೆವರು ಹೆಸರಿನ ಮೇಲೆ ತೊಟ್ಟಿಕ್ಕಿತು. ಕೊನೆಗೆ ಟಕ್ಕೆಂದು ಸದ್ದಾಗಿ ಬಿಲ್ಲೆ ನಡುವಿಗೇ ಸೀಳಿ ಮೂರು ಚೂರಾಯಿತು. ಫೌಸ್ತಿನೊ ಒಂದು ಉಸಿರು ಬಿಟ್ಟ, ಅಷ್ಟೆ. ಚೂರುಗಳನ್ನು, ಉಗುರಿನಷ್ಟು ಸಣ್ಣವನ್ನೂ ಬಿಡದೆ, ಟೋಪಿಯೊಳಗೆ ಆಯ್ದುಕೊಂಡ.

"ಕೊರಿ," ಎಂದ.

ಎಲೀಜಿಯೊ ಕೊರೆದ. ನಾಲ್ಕು ತೂತಿನಿಂದಲೂ ಕೆಂಪು ಪುಡಿ ಎದ್ದು ಮಾತೆಯ ನೇರಳೆ ಮುಸುಕಿನ ಮೇಲೆ, ಇಬ್ಬರ ತಲೆಗೂದಲ ಮೇಲೆ ಕೂತಿತು. ತಟ್ಟೆ ಹಾಸಿ ಬೋಲ್ಟು ಇಳಿಸಿದ. ಇನ್ನು ಒಬ್ಬ ಮೇಲೆ ಬೋಲ್ಟಿನ ತಲೆಗೆ ಸ್ಪ್ಯಾನರು ಹಾಕಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಫ್ಯಾನಿನ ಚೌಕಟ್ಟು ಸೇರಿಸಿ ನಟ್ಟು ಬಿಗಿಯಬೇಕು.

"ಕೆಳಗಿಂದ ಒಂದು ಸಲ ಬಡೀತೀನಿ, ಹಿಡಿ ಅಂತ," ಎಂದ ಎಲೀಜಿಯೊ. "ಹಿಡಿದ ಮೇಲೆ ನೀನೂ ಒಂದು ಸಲ ಬಡಿ. ಬಿಗಿಯಾದ ಮೇಲೆ ನಾನು ಎರಡು ಸಲ ಬಡೀತೀನಿ, ಮುಗೀತು ಅಂತ. ನೀನೂ ಎರಡು ಬಡಿ, ಬಿಟ್ಟೆ ಅಂತ."

ಫೌಸ್ತಿನೊ ಸ್ಪ್ಯಾನರಿಗೆ ಕೈ ಚಾಚಿದ. ಬೆರಳಿಗೆ ಬೆರಳು ತಾಗದ ಹಾಗೆ ಅದನ್ನು ತೆಗೆದುಕೊಂಡ.

ಮೊದಲ ಬೋಲ್ಟಿಗೆ ಒಂದು ಬಡಿತ ಕೆಳಗಿನಿಂದ, ಒಂದು ಮೇಲಿನಿಂದ. ನಟ್ಟು ಬಿಗಿಯಿತು, ಅದರ ಮೇಲೆ ಇನ್ನೊಂದು ನಟ್ಟು. ಎರಡು ಬಡಿತಕ್ಕೆ ಎರಡು ಬಡಿತ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಉಕ್ಕಿನ ಮೂಲಕ ಬರುವ ಆ ಸದ್ದು ಎಲೀಜಿಯೊನ ಬೆಳ್ಳಗಾದ ಬೆರಳಿಗೂ ಚೆನ್ನಾಗಿ ತಿಳಿಯುತ್ತಿತ್ತು. ಮುಖ ನೋಡದೆ, ಮಾತಿಲ್ಲದೆ, ಒಂದು ಗೇಣು ಕಾಂಕ್ರೀಟಿನ ಎರಡು ಕಡೆ ಇಬ್ಬರೂ ಒಂದೇ ಬೋಲ್ಟು ಹಿಡಿದಿದ್ದರು. ಕೆಲಸ ಮುಗಿಯದಿದ್ದರೆ ಸಾಕು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ನಾಲ್ಕನೆಯದು. ಒಂದು ಬಡಿತ, ಒಂದು ಬಡಿತ. ಅವನು ಎರಡೂ ನಟ್ಟು ಬಿಗಿದ. ಕೆಲಸದಲ್ಲಿ ಒಂದು ಕೂದಲಿನಷ್ಟೂ ಕೊರೆ ಬಿಡಲಿಲ್ಲ. ಎರಡು ಸಲ ಬಡಿದ. ಕಾದ. ಮತ್ತೆ ಎರಡು ಸಲ ಬಡಿದ. ಬೋಲ್ಟಿಗೆ ಅಂಗೈ ಒತ್ತಿ ನಿಂತ. ಏನೂ ಬರಲಿಲ್ಲ.

ಮೇಲೆ ಹೋಗಿ ನೋಡಿದಾಗ ಉಗ್ರಾಣದಲ್ಲಿ ಯಾರೂ ಇರಲಿಲ್ಲ. ಸ್ಪ್ಯಾನರನ್ನು ಚೆನ್ನಾಗಿ ಒರೆಸಿ ನಾಲ್ಕನೆಯ ತಟ್ಟೆಯ ಮೇಲೆ ಇಟ್ಟಿತ್ತು. ಟೋಪಿ ಇರಲಿಲ್ಲ, ಚೂರುಗಳೂ ಇರಲಿಲ್ಲ.

ಸೋಮವಾರ ಫ್ಯಾನು ತಿರುಗಿತು. ನಲವತ್ತು ಮಗ್ಗ ಒಟ್ಟಿಗೆ ಕುಣಿದವು. ಹೆಂಗಸರು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಎಲೀಜಿಯೊ ಏಣಿ ಇಳಿದು ಬರುವಾಗ ಇಮೆಲ್ದಾ ಮಗ್ಗ ನಿಲ್ಲಿಸಿ ಹತ್ತಿರ ಬಂದಳು. ಅವಳ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಅಪ್ಪ ಅವಳಿಗೆ ಏನೂ ಹೇಳಿಲ್ಲವೆಂದು ಅವನಿಗೆ ತಿಳಿಯಿತು.

"ಪದ್ರೀನೊ, ನಿನ್ನೆ ಹಬ್ಬದೂಟಕ್ಕೆ ಯಾಕೆ ಬರಲಿಲ್ಲ? ನಿನ್ನ ತಟ್ಟೆ ಇಡೋಕೆ ಹೋದ್ರೆ ಅಪ್ಪ ಬೇಡ, ಅವನು ಬರಲ್ಲ ಅಂದ. ನನಗೆ ಇಲ್ಲಿ ನಿಲ್ಲೋಕೆ ಸ್ವಲ್ಪ ಭಯ ಅಂತ ಅಂದೆ. ಅದಕ್ಕೆ ಅವನು, ಧೈರ್ಯವಾಗಿ ನಿಲ್ಲು, ಅದು ಇನ್ನು ಬೀಳಲ್ಲ, ಮೇಸ್ತ್ರಿ ಗಟ್ಟಿಯಾಗಿ ಹಾಕಿದ್ದಾನೆ ಅಂದ."

"ಮೇಸ್ತ್ರಿ ಅಂದನಾ?"

"ಹೂಂ. ನನಗೂ ನಗು ಬಂತು. ಯಾವ ಮೇಸ್ತ್ರಿ ಅಂತ ಕೇಳಿದೆ. ಎಲೀಜಿಯೊ ಮೇಸ್ತ್ರಿ ಅಂದ, ಊರೋರು ಅನ್ನೋ ಹಾಗೆ. ಜಗಳ ಆಡಿದ್ರಾ ನೀವಿಬ್ರೂ? ಮುದುಕರಾದ್ರೂ ಬುದ್ಧಿ ಬರಲಿಲ್ಲ."

"ಇಲ್ಲ ಮಗಳೇ. ಹೋಗು, ಮಗ್ಗ ಕಾಯ್ತಿದೆ."

ಅವಳು ಹೋಗಿ ಫ್ಯಾನಿನ ಕೆಳಗೆ, ತನ್ನ ಅವ್ವ ನಿಂತಿದ್ದ ಕಡೆ ನಿಂತಳು. ಎಲೀಜಿಯೊ ಕತ್ತೆತ್ತಿ ನಾಲ್ಕನೆಯ ಬೋಲ್ಟು ನೋಡಿದ. ನಟ್ಟಿನ ಕೆಳಗೆ ಮೂರು ಸುತ್ತು. ತಿಂಗಳಾದ ಮೇಲೆ ಬಂದು ಎಣಿಸಿದ, ಮೂರು. ಮಳೆಗಾಲ ಕಳೆದು ಎಣಿಸಿದ, ಮೂರು. ಡಿಸೆಂಬರ್ ಹನ್ನೆರಡಕ್ಕೂ ಅದು ಮೂರೇ ಇತ್ತು. ಎಷ್ಟೋ ವರ್ಷದ ಮೇಲೆ ಅವನ ಕೈಯ ಕೆಲಸವೊಂದು ಇಟ್ಟಲ್ಲಿ ಇಟ್ಟ ಹಾಗೆ ನಿಂತಿತ್ತು. ಅದನ್ನು ಹೇಳಿಕೊಳ್ಳೋಣ ಎಂದರೆ ಭಾನುವಾರದ ಬೆಂಚಿನ ಮೇಲೆ ಯಾರೂ ಇರಲಿಲ್ಲ.